ಮುತ್ತಿನ ಚಹಾ
ಕುಡಿಯುತ್ತಲೇ ಅಗಿಯಬೇಕಾದ ಮುತ್ತಿನ ಚಹಾ 1980ರ ದಶಕದಲ್ಲಿ ತೈವಾನಿನಲ್ಲಿ ಹುಟ್ಟಿತು. ಹಾಲು ಬೆರೆತ ತಣ್ಣನೆಯ ಚಹಾದ ತಳದಲ್ಲಿರುವ ಕರಿಯ ಗುಂಡುಗಳೇ ಈ ಮುತ್ತುಗಳು. ಅಗಿಯುವಾಗ ಹಲ್ಲಿಗೆ ಪುಟಿಯುವ ಆ ಗುಣಕ್ಕೆ ಅಲ್ಲಿಯವರು ‘ಕ್ಯೂ’ ಎನ್ನುತ್ತಾರೆ. ಇದನ್ನು ಮೊದಲು ಮಾಡಿದವರು ತಾವೇ ಎಂದು ತೈಚುಂಗ್ ಮತ್ತು ತೈನಾನ್ ನಗರಗಳ ಎರಡು ಅಂಗಡಿಗಳು 10 ವರ್ಷ ವ್ಯಾಜ್ಯವಾಡಿದವು. ಯಾರು ಬೇಕಾದರೂ ಮಾಡಬಹುದಾದ ಪಾನೀಯಕ್ಕೆ ಈ ಚರ್ಚೆ ಅನಗತ್ಯವೆಂದು 2019ರಲ್ಲಿ ತೀರ್ಪಾಯಿತು. ಒಳ್ಳೆಯ ತೀರ್ಪೇ ಸರಿ!

ಮನೆಯಲ್ಲಿ ಮಾಡುವವರಿಗೆ ಮುತ್ತೇ ಪರೀಕ್ಷೆ. ನಮ್ಮ ಸಬ್ಬಕ್ಕಿಯಂತೆ ಅದೂ ಮರಗೆಣಸಿನ ಪಿಷ್ಟದ್ದು. ತಣ್ಣೀರಿಗೆ ಈ ಹಿಟ್ಟು ಕೂಡಿಕೊಳ್ಳದು. ಕುದಿಯುವ ಬೆಲ್ಲದ ನೀರನ್ನು ಹೊಯ್ದಾಗ ಮಾತ್ರ ಕೆಲವು ಕಣಗಳು ಉಬ್ಬಿ, ಅಂಟಾಗಿ, ಉಳಿದವನ್ನು ಹಿಡಿದಿಡುತ್ತವೆ. ಆಗ ನಾದಿ, ಕಡಲೆಕಾಳಿನಷ್ಟು ಗುಂಡುಗಳನ್ನು ಮಾಡಿ, ನಡುವಿನ ಬಿಳುಪು ಅಳಿಯುವವರೆಗೆ ಬೇಯಿಸಿ, ಪಾಕದಲ್ಲಿ ನೆನೆಸಬೇಕು. ಕೆಲವೇ ಗಂಟೆಗಳಲ್ಲಿ ಅವು ಗಟ್ಟಿಯಾಗುವುದರಿಂದ ನಾಳೆಗೆಂದು ಎತ್ತಿಡುವಂತಿಲ್ಲ.