ಟೀಚರಮ್ಮನ ಕಾರ್ಡಿನ ಡಬ್ಬಿ

ಸೆಪ್ಟೆಂಬರ್ 5 ಬಂತೆಂದರೆ ಮಕ್ಕಳು ಟೀಚರಿಗೆ ಕಾರ್ಡು, ಹೂವು ಕೊಡುವುದು ಎಲ್ಲರಿಗೂ ಗೊತ್ತು. ರಾಧಾಕೃಷ್ಣನ್ ಅವರ ಹುಟ್ಟುಹಬ್ಬವನ್ನು 1962ರಿಂದ ಶಿಕ್ಷಕರ ದಿನವೆಂದು ಆಚರಿಸುತ್ತಾ ಬಂದಿದ್ದೇವೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಅವರು 1921ರಲ್ಲಿ ಕಲ್ಕತ್ತೆಗೆ ಹೊರಟಾಗ, ವಿದ್ಯಾರ್ಥಿಗಳು ಹೂವಿನ ಸಾರೋಟನ್ನು ತಾವೇ ಸ್ಟೇಷನ್ನಿನವರೆಗೆ ಎಳೆದುಕೊಂಡು ಹೋದರಂತೆ. ಸರಿ, ಇದು ಶಿಷ್ಯರು ಗುರುಗಳಿಗೆ ಸಲ್ಲಿಸುವ ಮರ್ಯಾದೆ. ಟೀಚರೇ ಮಕ್ಕಳ ಮನೆಗೆ ಎರಡು ಸಾಲು ಬರೆದು ಕಳಿಸುವುದುಂಟೇ? ನಮ್ಮ ಮನೆಯಲ್ಲಿ ಉಂಟು.

ನನ್ನ ಓರಗಿತ್ತಿ ತಿಪಟೂರಿನ ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯಿನಿ. ನಾನು ಅವರನ್ನು ಅಕ್ಕ ಅಂತಲೇ ಕರೆಯೋದು. ಅವರದೊಂದು ಹಳೇ ಬಿಸ್ಕತ್ತಿನ ತಗಡಿನ ಡಬ್ಬಿ. ಅದರಲ್ಲಿ ಯಾವಾಗಲೂ ಇಪ್ಪತ್ತು ಪೋಸ್ಟ್ ಕಾರ್ಡು, ಹತ್ತು ಇನ್‌ಲ್ಯಾಂಡ್ ಕಾಗದ, ಐದಾರು ಕವರು, ಸ್ಟಾಂಪು, ಒಂದಿಷ್ಟು ಶುಭಾಶಯದ ಕಾರ್ಡು ಇರಲೇಬೇಕು. ತುಂಬಿಸಿಡುವ ಕೆಲಸ ನನ್ನದು. ಪೋಸ್ಟಾಫೀಸು ತೆರೆದಿರೋ ಹೊತ್ತಿಗೆ ಅವರು ಶಾಲೆಯಲ್ಲಿರ್ತಾರಲ್ಲ!

"ಬೇಕಾದಾಗ ತಂದರಾಯ್ತು ಅಂದ್ರೆ ಆಗಲ್ಲ ಕಣೇ. ಕೈಗೆ ಸಿಕ್ಕಿದರೆ ಇವತ್ತೇ ಬರೀತೀನಿ, ಇಲ್ಲದಿದ್ರೆ ಸಾರು ಹಳಸಿದ ಹಾಗೆ ಹಳಸಿಹೋಗತ್ತೆ" ಅನ್ನುತ್ತಾರೆ ಅಕ್ಕ. ರಾತ್ರಿ ಕುಕ್ಕರ್ ಕೂಗುವುದರೊಳಗೆ ಒಂದು ಕಾರ್ಡು ಮುಗಿದಿರುತ್ತದೆ.

ಖರ್ಚು ಎಷ್ಟು ಅಂತ ಕೇಳ್ತೀರಾ? 1879ರಲ್ಲಿ ನಮ್ಮ ದೇಶಕ್ಕೆ ಪೋಸ್ಟ್ ಕಾರ್ಡು ಬಂದಾಗ ಬೆಲೆ ಕಾಲಾಣೆ. ಈಗಲೂ ಐವತ್ತು ಪೈಸೆ. ಒಂದು ಮೊಳ ಹೂವಿನ ದುಡ್ಡಿಗೆ ಡಬ್ಬಿಯ ಕಾರ್ಡೆಲ್ಲ ಬಂದುಬಿಡುತ್ತವೆ. ಅಂಗಡಿಯ ಶುಭಾಶಯ ಪತ್ರ ದುಬಾರಿ. ಅದನ್ನು ನಾವು ಕೊಳ್ಳುವುದೇ ಇಲ್ಲ. ಮದುವೆ ಕಾಲ ಮುಗಿದ ಮೇಲೆ ಬಂದ ಲಗ್ನಪತ್ರಿಕೆಗಳ ಖಾಲಿ ಬದಿ ಕತ್ತರಿಸಿ, ಮೇಲೆ ಬಣ್ಣದ ಕಾಗದದ ಹೂವೋ ರಂಗೋಲಿ ಎಳೆಯೋ ಅಂಟಿಸಿದರೆ ಚೆಂದದ ಕಾರ್ಡು. ಅಂಟು ಮನೆಯಲ್ಲೇ ಮಾಡಿ: ಎರಡು ಚಮಚ ಮೈದಾವನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಒಂದು ಲೋಟ ನೀರು ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸಿ, ಇಳಿಸುವಾಗ ಚಿಟಿಕೆ ಪಟಿಕದ ಪುಡಿ ಬೆರೆಸಿದರೆ ಬೇಗ ಕೆಡುವುದಿಲ್ಲ. ಮಳೆಗಾಲದಲ್ಲಿ ಸ್ಟಾಂಪು, ಕವರುಗಳು ತಾವಾಗಿಯೇ ಅಂಟಿಕೊಳ್ಳುತ್ತವೆ. ನಡುನಡುವೆ ಬೆಣ್ಣೆ ಕಾಗದ ಇಡಿ. ಹುಳು ಬಾರದಂತೆ ಒಣಗಿದ ಬೇವಿನೆಲೆ ಹಾಕಿಡಿ.

ಬರೆಯುವುದೇನು ಅನ್ನುವುದು ಮುಖ್ಯ. "ನಿಮ್ಮ ಮಗ ಜಾಣ" ಅಂತ ಬರೆದರೆ ಏನೂ ಬರೆದಂತಾಗಲಿಲ್ಲ. "ಇವತ್ತು ಸಣ್ಣ ತರಗತಿಯ ಮಗು ಬಿದ್ದಾಗ ನಿಮ್ಮ ಮಗ ಎತ್ತಿಕೊಂಡು ಬಂದು ಗಾಯ ತೊಳೆದ" ಅಂತ ಬರೀಬೇಕು. ಇನ್ನೊಂದು ಮಾತು: ಪೋಸ್ಟ್ ಕಾರ್ಡು ತೆರೆದ ಕಾಗದ, ಅಂಚೆಯಣ್ಣನಿಂದ ಹಿಡಿದು ಎಲ್ಲರೂ ಓದಬಹುದು. ಅದರಲ್ಲಿ ದೂರು, ಕಡಿಮೆ ಅಂಕ ಎಂದೂ ಬರೆಯಬಾರದು. ಅಂಥದ್ದನ್ನು ತಾಯಿಯನ್ನು ಕರೆಸಿ ಮೆಲ್ಲಗೆ ಹೇಳಬೇಕು.

ಕೆಲವು ವರ್ಷದ ಹಿಂದೆ ಏಳನೇ ತರಗತಿಯ ಒಬ್ಬ ಹುಡುಗಿಯನ್ನು ಮುಂದಕ್ಕೆ ಓದಿಸುವುದಿಲ್ಲ ಅಂತ ತಂದೆ ಹೇಳಿಬಿಟ್ಟಿದ್ದ. ಕೊಬ್ಬರಿ ಮಂಡಿಯಲ್ಲಿ ಹಮಾಲಿ, ಓದು ಬಾರದು. ಶಾಲೆಗೆ ಬಾ ಎಂದರೆ ಕೂಲಿ ಹೋಗುತ್ತದೆ ಅನ್ನುತ್ತಿದ್ದ. ಅಕ್ಕ ಬುದ್ಧಿ ಹೇಳಲು ಹೋಗಲಿಲ್ಲ. ಅವನ ಹೆಸರಿಗೇ, ಮಂಡಿಯ ವಿಳಾಸಕ್ಕೇ ಒಂದು ಕಾರ್ಡು ಹಾಕಿದರು. "ನಿಮ್ಮ ಮಗಳು ಈ ವರ್ಷ ಒಂದು ದಿನವೂ ಶಾಲೆ ತಪ್ಪಿಸಲಿಲ್ಲ. ಬೇರೆ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾಳೆ. ಇಂಥ ಮಗಳನ್ನು ನಮ್ಮಲ್ಲಿಗೆ ಕಳಿಸಿದ್ದಕ್ಕೆ ವಂದನೆಗಳು." ಅಷ್ಟೇ. ಅವನ ಹೆಸರಿಗೆ ಅದುವರೆಗೆ ಒಂದು ಕಾಗದವೂ ಬಂದಿರಲಿಲ್ಲವಂತೆ. ಮಂಡಿಯ ಗುಮಾಸ್ತರು ಎಲ್ಲರೆದುರು ಗಟ್ಟಿಯಾಗಿ ಓದಿದರು. ಮೂರನೇ ದಿನ ಅವನು ಶರಟು ಬದಲಾಯಿಸಿಕೊಂಡು ಶಾಲೆಗೆ ಬಂದ, "ಹೈಸ್ಕೂಲಿಗೆ ಏನೇನು ಕಾಗದ ಬೇಕು ಮೇಡಂ?" ಅಂತ ಕೇಳಿದ. ಕಾರ್ಡೊಂದರಿಂದಲೇ ಆಯ್ತು ಅಂತ ನಾನು ಹೇಳಲಾರೆ. ಹುಡುಗಿಯ ಅಜ್ಜಿಯೂ ಮನೆಯಲ್ಲಿ ಹಠ ಹಿಡಿದು ಕೂತಿದ್ದಳು. ಆದರೂ ಆ ಕಾರ್ಡು ಅವರ ಮನೆಯ ದೇವರ ಪಟದ ಹಿಂದೆ ಈಗಲೂ ಇದೆಯಂತೆ.

"ಈಗ ವಾಟ್ಸಪ್ ಇದೆಯಲ್ಲ" ಅಂತ ನನ್ನ ಮಗನೇ ನಗುತ್ತಾನೆ. ಇದೆ, ಬೇಡ ಅಂದವರಾರು? ಆದರೆ ಆ ಫೋನು ಹಗಲೆಲ್ಲ ಗಂಡಸರ ಜೇಬಿನಲ್ಲಿರುತ್ತದೆ. ಗುಂಪಿನಲ್ಲಿ ಬಂದ ನಲವತ್ತು ಕೈಮುಗಿಯುವ ಚಿತ್ರದ ನಡುವೆ ತಾಯಿಯ ಕಣ್ಣಿಗೆ ಬೀಳುವುದು ಯಾವುದು?

ಬಿಸಿಯೂಟದ ಅಡಿಗೆಯವರಿಗೆ ಸಂಕ್ರಾಂತಿಗೆ ಎಳ್ಳುಬೆಲ್ಲದ ಜೊತೆ ಒಂದೊಂದು ಕಾರ್ಡು ಹೋಗುತ್ತದೆ. ಶಾಲೆಗೆ ಬೆಂಚು ಕೊಟ್ಟವರಿಗೆ ಮಕ್ಕಳ ಕೈಯಲ್ಲೇ ಬರೆಸುತ್ತಾರೆ, ತಪ್ಪಕ್ಷರ ತಿದ್ದುವುದಿಲ್ಲ. ಸಾವಿನ ಮನೆಗೆ ಮಾತ್ರ ಅಚ್ಚಾದ ಕಾರ್ಡು ಸಲ್ಲದು ಅನ್ನುವುದು ನನ್ನ ಅಭಿಪ್ರಾಯ. ಬಿಳೀ ಕಾಗದ, ಮೇಲೆ 'ಶ್ರೀ' ಇಲ್ಲದೆ, ನಾಲ್ಕೇ ಸಾಲು. ನಮ್ಮ ಕಡೆ ಅಂಥ ಕಾಗದವನ್ನು ಓದಿ ಹರಿದುಹಾಕುತ್ತಾರೆ, ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಹರಿದರೂ ಚಿಂತೆಯಿಲ್ಲ, ಬರೆದು ಕಳಿಸಿ.

ಸಣ್ಣ ಪೋಸ್ಟಾಫೀಸುಗಳಲ್ಲಿ ಕೆಲವೊಮ್ಮೆ ಕಾರ್ಡಿನ ದಾಸ್ತಾನು ಇರುವುದಿಲ್ಲ. ಮೊದಲೇ ಹೇಳಿಟ್ಟರೆ ತರಿಸಿಕೊಡುತ್ತಾರೆ. ದಸರಾ ರಜೆಗೆ ಮುಂಚೆ ಒಮ್ಮೆ, ಪರೀಕ್ಷೆಗೆ ಮುಂಚೆ ಒಮ್ಮೆ ಡಬ್ಬಿ ತೆಗೆದು ಎಣಿಸಿಕೊಳ್ಳಿ. ಏಳನೇ ತರಗತಿ ಮುಗಿಸಿ ಹೋಗುವ ಮಕ್ಕಳಿಗೆ ತಲಾ ಒಂದರಂತೆ ಬೇಕಾಗುವುದರಿಂದ ಮಾರ್ಚಿ ತಿಂಗಳಲ್ಲಿ ಇಪ್ಪತ್ತು ಏನೂ ಸಾಲದು.