ವಾಣಿಜ್ಯ ಪದವಿಯೊಡನೆ ಜಪಾನಿ ಭಾಷೆ: ಗಡಿನಾಡ ವಿದ್ಯಾರ್ಥಿಗೊಂದು ದಾರಿ

ಕರಜಗಿ, ಅಕ್ಕಲಕೋಟ ಪರಿಸರದ ಕನ್ನಡ ಶಾಲೆಗಳಲ್ಲಿ ಕಲಿತ ಮಕ್ಕಳು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್ ಬಳಸುತ್ತ ಬೆಳೆಯುತ್ತಾರೆ. ಆದರೂ ಬಿ.ಕಾಂ. ಅಥವಾ ಬಿ.ಬಿ.ಎ. ಮುಗಿಸಿ ಉದ್ಯೋಗಕ್ಕೆ ಹೊರಟಾಗ ಅವರನ್ನು ಕಾಡುವುದು ಭಾಷೆಯ ಕೀಳರಿಮೆಯೇ. ಅತ್ತ ಮರಾಠಿ ಪೂರ್ಣವಲ್ಲ, ಇತ್ತ ಇಂಗ್ಲಿಷ್ ಸರಾಗವಲ್ಲ ಎಂಬ ಮಾತನ್ನು ಅವರು ಕೇಳುತ್ತಲೇ ಇರುತ್ತಾರೆ. ಹಲವು ಭಾಷೆಗಳ ನಡುವೆ ಬಾಳುವ ಈ ಅಭ್ಯಾಸವು ಕೊರತೆಯಲ್ಲ, ಬಂಡವಾಳ. ವಾಣಿಜ್ಯ ಶಿಕ್ಷಣದೊಡನೆ ಜಪಾನಿ ಭಾಷೆಯನ್ನು ಸೇರಿಸಿಕೊಂಡರೆ ಆ ಬಂಡವಾಳಕ್ಕೆ ಬೆಲೆ ಬರುತ್ತದೆ.

ಜಪಾನಿ ಎಂದೊಡನೆ ಚಿತ್ರಲಿಪಿಯ ಭಯ ಸಹಜ. ಆದರೆ ಅದರ ವಾಕ್ಯರಚನೆ ಕನ್ನಡಿಗನಿಗೆ ಅಪರಿಚಿತವಲ್ಲ. ಕರ್ತೃ ಮೊದಲು, ಕರ್ಮ ನಡುವೆ, ಕ್ರಿಯಾಪದ ಕೊನೆಗೆ. ನಮ್ಮ ವಿಭಕ್ತಿ ಪ್ರತ್ಯಯಗಳಂತೆ ಅಲ್ಲಿಯೂ ನಾಮಪದದ ಹಿಂದೆ ಚಿಕ್ಕ ಪದಗಳು ಬರುತ್ತವೆ. 'ಕರಜಗಿಯಿಂದ ಸೊಲ್ಲಾಪುರದವರೆಗೆ' ಎಂಬುದು 'ಕರಜಗಿ ಕರಾ ಸೊಲ್ಲಾಪುರ ಮದೆ' ಎಂದಾಗುತ್ತದೆ. ಕಾನಾ ಅಕ್ಷರಮಾಲೆಯ ಅ, ಇ, ಉ, ಎ, ಒ, ಬಳಿಕ ಕ, ಸ, ತ, ನ ಎಂಬ ಅನುಕ್ರಮಕ್ಕೆ ಬೌದ್ಧರೊಡನೆ ಹೋದ ಭಾರತೀಯ ವರ್ಣಮಾಲೆಯೇ ಪ್ರೇರಣೆ. ಹಿರಿಯರಿಗೆ ಬಹುವಚನ ಬಳಸುವ ನಮಗೆ ಅಲ್ಲಿನ ಗೌರವರೂಪಗಳ ಮರ್ಮವೂ ಬೇಗ ತಿಳಿಯುತ್ತದೆ. ಶ್ರಮವಿರುವುದು ಕಾಂಜಿ ಲಿಪಿಯಲ್ಲಿ. ನಿತ್ಯಬಳಕೆಗೆಂದು ಅಲ್ಲಿನ ಸರ್ಕಾರ ಗೊತ್ತುಪಡಿಸಿದ ಕಾಂಜಿಗಳ ಸಂಖ್ಯೆ 2,136.

ಭಾಷೆಯೊಂದನ್ನೇ ಕಲಿತವನು ಅನುವಾದಕನಾಗಬಹುದು. ವಾಣಿಜ್ಯವೊಂದನ್ನೇ ಕಲಿತವನು ಸಾವಿರಾರು ಪದವೀಧರರಲ್ಲಿ ಒಬ್ಬ. ಎರಡನ್ನೂ ಬಲ್ಲವನು ವ್ಯವಹಾರದ ಉಭಯ ಪಕ್ಷಗಳಿಗೂ ಬೇಕಾದವನು. ಸೊಲ್ಲಾಪುರದ ಉದಾಹರಣೆಯನ್ನೇ ನೋಡೋಣ. ನಮ್ಮ ಮಗ್ಗಗಳು ಚಾದರಕ್ಕೂ ಟವೆಲ್ಲಿಗೂ ಹೆಸರಾದವು. ಜಪಾನಿನಲ್ಲಿ ಎಹಿಮೆ ಪ್ರಾಂತದ ಇಮಾಬಾರಿ ಅಂಥದೇ ಟವೆಲ್ಲಿನ ಊರು. ನೀರಿನ ಮೇಲಿಟ್ಟ ಟವೆಲ್ಲಿನ ತುಂಡು 5 ಸೆಕೆಂಡಿನೊಳಗೆ ಮುಳುಗಬೇಕೆಂಬುದು ಅಲ್ಲಿಯ ಗುಣಮಟ್ಟದ ಪರೀಕ್ಷೆಗಳಲ್ಲೊಂದು. ಅಂಥ ಮಾನದಂಡವನ್ನು ಮೂಲದಲ್ಲೇ ಓದಿ, ನಮ್ಮ ನೇಕಾರನಿಗೆ ತಿಳಿಯುವಂತೆ ಹೇಳಿ, ದರಪಟ್ಟಿಯನ್ನೂ ಸಿದ್ಧಪಡಿಸಬಲ್ಲ ಪದವೀಧರನು ಕಾರಖಾನೆಗೆ ಬರಿಯ ಗುಮಾಸ್ತನಲ್ಲ. ಭಾರತ ಮತ್ತು ಜಪಾನಿನ ಸಮಗ್ರ ಆರ್ಥಿಕ ಸಹಭಾಗಿತ್ವ ಒಪ್ಪಂದವು 2011ರ ಆಗಸ್ಟ್ 1ರಿಂದ ಜಾರಿಯಲ್ಲಿದೆ. ಅದರಡಿ ಸುಂಕದ ರಿಯಾಯಿತಿ ಪಡೆಯಲು ಸರಕಿನ ಮೂಲಪ್ರಮಾಣಪತ್ರ ಬೇಕು. ವಾಣಿಜ್ಯದ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ.

ಗಡಿಯ ಎರಡೂ ಬದಿಗೆ ಅವಕಾಶಗಳಿವೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದ ಲಕ್ಷ್ಮಣರಾವ ಕಿರ್ಲೋಸ್ಕರರು 1910ರಲ್ಲಿ ಇಂದಿನ ಸಾಂಗಲಿ ಜಿಲ್ಲೆಯಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಅದೇ ಮನೆತನವು ಟೊಯೋಟಾದೊಡನೆ ಕೂಡಿ 1997ರಲ್ಲಿ ಸ್ಥಾಪಿಸಿದ ಸಂಸ್ಥೆಯ ಕಾರಖಾನೆ ಬಿಡದಿಯಲ್ಲಿದೆ. ಆ ಸಂಸ್ಥೆಯು ಛತ್ರಪತಿ ಸಂಭಾಜಿನಗರದ ಯೋಜನೆಗಾಗಿ 2024ರ ಜುಲೈಯಲ್ಲಿ ಮಹಾರಾಷ್ಟ್ರ ಸರ್ಕಾರದೊಡನೆ ಒಡಂಬಡಿಕೆ ಮಾಡಿಕೊಂಡಿತು. ಇಂಥ ಉದ್ಯಮಗಳ ಖರೀದಿ, ಲೆಕ್ಕಪತ್ರ, ಸಿಬ್ಬಂದಿ ವಿಭಾಗಗಳಲ್ಲಿ ಕನ್ನಡ, ಮರಾಠಿ, ಜಪಾನಿ ಮೂರನ್ನೂ ಬಲ್ಲವನಿಗೆ ಪ್ರತಿಸ್ಪರ್ಧಿಗಳು ವಿರಳ.

ಕಲಿಕೆಯನ್ನು ಪದವಿಯ ಮೊದಲ ವರ್ಷದಲ್ಲೇ ಆರಂಭಿಸುವುದು ಹಿತ. ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯಲ್ಲಿ ಎನ್5ರಿಂದ ಎನ್1ರವರೆಗೆ ಐದು ಹಂತಗಳಿವೆ, ಎನ್5 ಅತ್ಯಂತ ಸುಲಭ. ಪುಣೆಯಲ್ಲಿಯೂ ಬೆಂಗಳೂರಿನಲ್ಲಿಯೂ ಪರೀಕ್ಷಾ ಕೇಂದ್ರಗಳಿವೆ. ವರ್ಷಕ್ಕೊಂದು ಹಂತದಂತೆ ಮೂರನೆಯ ವರ್ಷಕ್ಕೆ ಎನ್3ರ ಗುರಿಯಿಡಬಹುದು. ಆದರೆ ಈ ಪರೀಕ್ಷೆಯಲ್ಲಿ ಮಾತನಾಡುವ ಭಾಗವಿಲ್ಲ. ಪ್ರಮಾಣಪತ್ರದಷ್ಟನ್ನೇ ನಂಬಿದವನು ಸಂದರ್ಶನದಲ್ಲಿ ಮೂಕನಾಗುತ್ತಾನೆ. ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯದ ವಿದೇಶಿ ಭಾಷಾ ವಿಭಾಗವೂ ತಿಲಕ ಮಹಾರಾಷ್ಟ್ರ ವಿದ್ಯಾಪೀಠವೂ ಜಪಾನಿ ಕಲಿಸುತ್ತವೆ. ಅಲ್ಲಿಗೆ ಹೋಗಲಾಗದವರಿಗೆ ಜಪಾನ್ ಫೌಂಡೇಶನ್ನಿನ 'ಮಿನಾತೊ' ಎಂಬ ಅಂತರ್ಜಾಲ ಪಾಠಶಾಲೆಯಲ್ಲಿ ಉಚಿತ ಪಾಠಗಳಿವೆ.

ವಕೀಲನಾಗಿ ಒಂದು ಎಚ್ಚರಿಕೆ ಹೇಳುವುದು ನನ್ನ ಕರ್ತವ್ಯ. ಜಪಾನು ತನ್ನ 'ನಿರ್ದಿಷ್ಟ ಕುಶಲ ಕಾರ್ಮಿಕ' ವ್ಯವಸ್ಥೆಗಾಗಿ 2021ರ ಜನವರಿಯಲ್ಲಿ ಭಾರತದೊಡನೆ ಸಹಕಾರ ಪತ್ರಕ್ಕೆ ಸಹಿ ಹಾಕಿತು. ಇಂಥ ದಾರಿ ತೆರೆದಲ್ಲಿ ದಲ್ಲಾಳಿಗಳೂ ಬರುತ್ತಾರೆ. 1983ರ ವಲಸೆ ಅಧಿನಿಯಮದ ಪ್ರಕಾರ ನೋಂದಣಿಯಿಲ್ಲದವರು ವಿದೇಶಿ ಉದ್ಯೋಗಕ್ಕೆ ನೇಮಕಾತಿ ನಡೆಸುವಂತಿಲ್ಲ. ಹೊಲ ಅಡವಿಟ್ಟು ಹಣ ಕಟ್ಟುವ ಮೊದಲು ಆ ನೋಂದಣಿಪತ್ರವನ್ನು ಕೇಳಿ ನೋಡಿರಿ. ಕರಾರುಪತ್ರದಲ್ಲಿ ಸಂಬಳ, ದುಡಿಮೆಯ ಅವಧಿ, ವಸತಿ ಖರ್ಚು, ಮರಳುವ ಪ್ರಯಾಣ ಇವುಗಳನ್ನು ಓದದೆ ಸಹಿ ಮಾಡಬೇಡಿರಿ. ಮೂಲ ಕರಾರು ಜಪಾನಿಯಲ್ಲಿದ್ದರೆ ಅದನ್ನು ತಾನೇ ಓದಿಕೊಳ್ಳಬಲ್ಲವನನ್ನು ಮೋಸಗೊಳಿಸುವುದು ಕಷ್ಟ. ಭಾಷಾಜ್ಞಾನದ ಮೊದಲ ಲಾಭವೇ ಅದು.

ನಮ್ಮ ಕಾಲೇಜುಗಳು ಸಂಜೆಯ ವೇಳೆ ಒಂದು ಕೊಠಡಿಯನ್ನೂ ಒಂದು ಗಣಕಯಂತ್ರವನ್ನೂ ಇದಕ್ಕಾಗಿ ಒದಗಿಸಿದರೆ ಆರಂಭಕ್ಕೆ ಸಾಕು. ಪಾಲಕರು ಈ ಬೇಡಿಕೆಯನ್ನು ಪ್ರಾಚಾರ್ಯರ ಮುಂದಿಡಲಿ.