ಜಗತ್ತಿನ ಮೆಕಡೇಮಿಯಕ್ಕೆಲ್ಲ ಒಂದೇ ತವರು!

ದೊಡ್ಡ ಅಂಗಡಿಗಳಲ್ಲಿ ಗೋಡಂಬಿ, ಪಿಸ್ತಾಗಳ ಪಕ್ಕ ಪುಟ್ಟ ಡಬ್ಬಿಯಲ್ಲಿ ಕೂತು, ಬೆಲೆಚೀಟಿ ಓದಿದವರ ಕೈಯನ್ನು ತಟ್ಟನೆ ಹಿಂದಕ್ಕೆಳೆಸುವ ಬೀಜವೊಂದಿದೆ: ಮೆಕಡೇಮಿಯ. ಗೋಲಿಯಂತೆ ದುಂಡಗೆ, ಕೆನೆಬಣ್ಣ, ಹಲ್ಲಿಗೆ ತಾಕಿದರೆ ಬೆಣ್ಣೆ. ಡಬ್ಬಿಯ ಮೇಲೆ ಹವಾಯಿ ಎಂದಿರಬಹುದು, ದಕ್ಷಿಣ ಆಫ್ರಿಕ ಎಂದಿರಬಹುದು, ಕೀನ್ಯ ಎಂದೂ ಇರಬಹುದು. ಎಲ್ಲಿಂದಲೇ ಬಂದಿರಲಿ, ಅದರ ಅಜ್ಜಿಯ ಅಜ್ಜಿ ಬೇರೂರಿ ನಿಂತಿದ್ದದ್ದು ಬಹುಮಟ್ಟಿಗೆ ಒಂದೇ ಜಾಗದಲ್ಲಿ. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ರಾಜ್ಯದಲ್ಲಿ ಜಿಂಪಿ ಎಂಬ ಪೇಟೆ, ಅದರ ಪಕ್ಕದಲ್ಲಿ ಮೂಲೂ ಎಂಬ ಹಳ್ಳಿ, ಅಲ್ಲಿನ ಬೆರಳೆಣಿಕೆಯ ಕಾಡುಮರಗಳು. ಪ್ರಾಯಶಃ ಒಂದೇ ಒಂದು ಮರ!

ಇದು ಊಹೆಯಲ್ಲ. ಸದರ್ನ್ ಕ್ರಾಸ್ ವಿಶ್ವವಿದ್ಯಾಲಯದ ಕ್ಯಾಥರೀನ್ ನಾಕ್, ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದ ಕ್ರೇಗ್ ಹಾರ್ಡ್‌ನರ್ ಮತ್ತು ಸಂಗಡಿಗರು ಕಾಡಿನಲ್ಲೂ ತೋಟದಲ್ಲೂ ನೂರಾರು ಮರಗಳ ಎಲೆ ಕಿತ್ತು ತಂದು, ಅವುಗಳ ಡಿಎನ್‌ಎ ಓದಿ 2019ರಲ್ಲಿ ಪ್ರಕಟಿಸಿದ ಫಲಿತಾಂಶ. ಅವರು ಹಿಡಿದ ಎಳೆ ಯಾವುದು ಗೊತ್ತೇ? ಎಲೆಗೆ ಹಸಿರು ಕೊಡುವ ಕ್ಲೋರೋಪ್ಲಾಸ್ಟ್. ಅದಕ್ಕೆ ತನ್ನದೇ ಆದ ಪುಟ್ಟ ಡಿಎನ್‌ಎ ಇದೆ, ಅದು ಸಸಿಗೆ ಬರುವುದು ತಾಯಿಯಿಂದ. ತುಳುನಾಡಿನ ಅಳಿಯಸಂತಾನದಲ್ಲಿ ಮಕ್ಕಳಿಗೆ ತಾಯಿಯ ‘ಬಳಿ’ಯೇ, ಅಂದರೆ ವಂಶದ ಹೆಸರೇ, ಬರುವ ಹಾಗೆ. ಪರಾಗ ಎಲ್ಲಿಂದ ಬಂತು, ಜೇನುಹುಳ ಯಾವ ತೋಟದಿಂದ ಹಾರಿತು, ಇದ್ಯಾವುದೂ ಆ ಗುರುತನ್ನು ಅಳಿಸಲಾರದು. ಜಗತ್ತಿನ ತೋಟಗಳಲ್ಲಿ ಬಹುಪಾಲು ತುಂಬಿರುವ ಹವಾಯಿ ತಳಿಗಳಲ್ಲಿ ಕಂಡ ಆ ತಾಯಿಗುರುತು ಕಾಡಿನಲ್ಲಿ ಎಲ್ಲಿದೆ ಎಂದು ಹುಡುಕುತ್ತಾ ಹೋದರೆ, ಸಿಕ್ಕಿದ್ದು ಮೂಲೂ!

ಇಷ್ಟು ಕರಾರುವಾಕ್ಕಾಗಿ ಊರಿನ ಹೆಸರೇ ಹೇಳಲು ಸಾಧ್ಯವಾದದ್ದಕ್ಕೆ ಕಾರಣ ಈ ಕಾಯಿಯ ಸೋಮಾರಿತನ. ಕಲ್ಲಿನಂಥ ಚಿಪ್ಪಿನ ಭಾರದ ಕಾಯಿ ಅದು. ಗಾಳಿಗೆ ಹಾರದು. ಮರದ ಬುಡದಲ್ಲೇ ಬೀಳುತ್ತದೆ, ಇಳಿಜಾರಿದ್ದರೆ ಒಂದಿಷ್ಟು ಉರುಳುತ್ತದೆ, ಹಳ್ಳದ ಪಾಲಾದರೆ ನೆರೆನೀರಿನಲ್ಲಿ ಕೆಳಗೆ ಹೋಗುತ್ತದೆ, ಇಲಿಯ ಬಾಯಿಗೆ ಸಿಕ್ಕರೆ ನಾಲ್ಕು ಮಾರು ಆಚೆ. ಹೀಗಾಗಿ ಸಾವಿರಾರು ವರ್ಷಗಳಲ್ಲಿ ಒಂದೊಂದು ಕಣಿವೆಯ ಮರಗಳೂ ತಮ್ಮದೇ ಗುರುತು ಬೆಳೆಸಿಕೊಂಡು ಕೂತುಬಿಟ್ಟಿವೆ.

ಹಾಗಾದರೆ ಊರು ಬಿಟ್ಟು ಕದಲದ ಈ ಕಾಯಿ ಸಾಗರ ದಾಟಿದ್ದು ಹೇಗೆ? ಆ ಕಾಡುಗಳ ಮೂಲನಿವಾಸಿಗಳು ಎಷ್ಟೋ ಸಾವಿರ ವರ್ಷಗಳಿಂದ ಇದನ್ನು ಕಲ್ಲಿನಿಂದ ಕುಟ್ಟಿ ತಿನ್ನುತ್ತಿದ್ದರು. ಬಿಳಿಯರ ಸಸ್ಯಶಾಸ್ತ್ರ ಕಣ್ಣು ಬಿಟ್ಟದ್ದು ತೀರ ಈಚೆಗೆ. 1857ರಲ್ಲಿ ಸಸ್ಯಶಾಸ್ತ್ರಜ್ಞ ಫರ್ಡಿನಾಂಡ್ ಫಾನ್ ಮ್ಯೂಲರ್ ತನ್ನ ಗೆಳೆಯ ಜಾನ್ ಮೆಕಾಡಮ್ ಎಂಬ ರಸಾಯನಶಾಸ್ತ್ರಜ್ಞನ ಹೆಸರನ್ನು ಇದಕ್ಕಿಟ್ಟ. ಬ್ರಿಸ್ಬೇನ್ ಸಸ್ಯೋದ್ಯಾನದ ವಾಲ್ಟರ್ ಹಿಲ್, ಬಿತ್ತನೆಗೆಂದು ಕಾಯಿ ಒಡೆಯಲು ಒಬ್ಬ ಹುಡುಗನಿಗೆ ಹೇಳಿದನಂತೆ. ಹುಡುಗ ಒಡೆದೊಡೆದು ಬಾಯಿಗೆ ಹಾಕಿಕೊಳ್ಳುತ್ತಿದ್ದದ್ದನ್ನು ನೋಡಿ, ವಿಷವಿರಬಹುದೆಂದು ಹಿಲ್‌ಗೆ ಎದೆ ಝಲ್ಲೆಂದಿತಂತೆ. ಹುಡುಗನಿಗೆ ಏನೂ ಆಗಲಿಲ್ಲ, ಇನ್ನಷ್ಟು ಬೇಕೆಂದ ಅಷ್ಟೇ. ಪಕ್ಕದ ಕಾಡಿನ ಜನರನ್ನು ಒಂದು ಮಾತು ಕೇಳಿದ್ದರೆ ಈ ಗಾಬರಿಯೇ ಬೇಕಿರಲಿಲ್ಲ! 1858ರಲ್ಲಿ ಹಿಲ್ ನೆಟ್ಟ ಮರ ಮಾತ್ರ ಬ್ರಿಸ್ಬೇನಿನಲ್ಲಿ ಬಹುಕಾಲ ಫಲ ಕೊಟ್ಟಿತು.

1880ರ ದಶಕದ ಆರಂಭದಲ್ಲಿ ವಿಲಿಯಂ ಪರ್ವಿಸ್ ಎಂಬ ಕಬ್ಬಿನ ತೋಟದವನು ಹವಾಯಿಗೆ ಕಾಯಿ ಒಯ್ದ. ಹತ್ತು ವರ್ಷಗಳ ಮೇಲೆ ಜೋರ್ಡನ್ ಸೋದರರು ಹೊನೊಲುಲುವಿನಲ್ಲಿ ನೆಟ್ಟರು. ಆಗ ಇದು ಅಂದದ ಮರ, ಕಬ್ಬಿನ ಗದ್ದೆಗೆ ಗಾಳಿ ತಡೆಯುವ ಬೇಲಿ. ಆಮೇಲೆ ಅಲ್ಲಿನ ಕೃಷಿ ಸಂಶೋಧಕರು ಒಳ್ಳೆಯ ಮರಗಳನ್ನು ಆರಿಸಿದರು, 344, 741 ಎಂದು ನಂಬರು ಕೊಟ್ಟರು, ಕಸಿ ಕಟ್ಟಿದರು. ಕಸಿ ಎಂದ ಮೇಲೆ ಗೊತ್ತಲ್ಲ: ಸಾವಿರ ಎಕರೆ ತೋಟ ನೋಡಿದರೂ ನೋಡುತ್ತಿರುವುದು ಕೆಲವೇ ಮರಗಳನ್ನು, ಮತ್ತೆ ಮತ್ತೆ. ಇಂದು ಜಗತ್ತಿನ ಮೆಕಡೇಮಿಯ ಬೆಳೆಯ ಸುಮಾರು ಶೇ. 70ರಷ್ಟು ಈ ಹವಾಯಿ ತಳಿಗಳಿಂದ ಬಂದದ್ದು. ಇನ್ನೂ ಒಂದು ಚೋದ್ಯವಿದೆ. 1960ರ ದಶಕದಲ್ಲಿ ಆಸ್ಟ್ರೇಲಿಯದವರು ದೊಡ್ಡ ತೋಟ ಮಾಡಹೊರಟಾಗ ನೆಟ್ಟದ್ದು ಹವಾಯಿಯಿಂದ ತರಿಸಿದ ತಳಿಗಳನ್ನು! ಮನೆಮಗಳು ಪರದೇಶದ ಹೆಸರು ಹೊತ್ತು ತವರಿಗೇ ಬಂದಳು. ಬೇಲಿಯಾಚೆ ನಿಂತಿದ್ದ ಕಾಡಿನ ನೆಂಟರನ್ನು ಯಾರೂ ವಿಚಾರಿಸಲಿಲ್ಲ.

ಆ ನೆಂಟರದು ಸಣ್ಣ ಬಳಗ. ಈ ಕುಲದಲ್ಲಿ ಒಟ್ಟು ನಾಲ್ಕೇ ಪ್ರಭೇದಗಳು. ಇಂಟೆಗ್ರಿಫೋಲಿಯ, ಟೆಟ್ರಾಫಿಲ್ಲ ಎಂಬೆರಡು ತಿನ್ನುವಂಥವು. ಇವೆರಡರ ಸೀಮೆ ಕೂಡುವಲ್ಲಿ ತಾವಾಗಿಯೇ ಬೆರೆಯುತ್ತವೆ, ತೋಟದ ಎಷ್ಟೋ ತಳಿಗಳು ಇವೆರಡರ ಮಿಶ್ರಣ. ಮೂರನೆಯದು ಟರ್ನಿಫೋಲಿಯ, ಸಯನೈಡ್ ಹುಟ್ಟಿಸುವ ಅಂಶ ತುಂಬಿದ ಕಹಿಬೀಜ. ವಾಲ್ಟರ್ ಹಿಲ್ ಬೆದರಿದ್ದರಲ್ಲಿ ತಪ್ಪೇನೂ ಇಲ್ಲ ಬಿಡಿ. ನಾಲ್ಕನೆಯದು ಇದೆ ಎಂಬುದೇ 1983ರವರೆಗೆ ವಿಜ್ಞಾನಿಗಳಿಗೆ ಗೊತ್ತಿರಲಿಲ್ಲ! ಬುಲ್ಬರಿನ್ ಎಂಬ ಕಾಡಿನಲ್ಲಿ ಅದನ್ನು ಕಂಡವನು ರೇ ಜಾನ್ಸೆನ್ ಎಂಬ ಕಬ್ಬು ಬೆಳೆಗಾರ. ಮರಕ್ಕೀಗ ಅವನದೇ ಹೆಸರು, ಜಾನ್ಸೆನಿ. ಕಾಡಿನಲ್ಲಿ ಉಳಿದಿರುವುದು ನೂರರ ಲೆಕ್ಕದಲ್ಲಿ. ಕಾಯಿ ಸಣ್ಣದು, ಕಹಿ. ಏತಕ್ಕೆ ಬೇಕು ಅನ್ನಿಸಬಹುದು. ಆದರೆ ಮರ ಗಿಡ್ಡ! ತೋಟದ ಮೆಕಡೇಮಿಯ ಎತ್ತರಕ್ಕೆ ಹೋಗಿ ಕೈಗೆ ಸಿಗದೆ ಸತಾಯಿಸುವಾಗ, ಗಿಡ್ಡತನದ ವಂಶವಾಹಿಗೆ ತಳಿವಿಜ್ಞಾನಿಗಳು ಕೈಚಾಚುವುದು ಈ ಕಹಿಕಾಯಿಯ ಕಡೆಗೇ.

ಇಷ್ಟು ದೂರದ ಕಥೆಯಲ್ಲಿ ನಮ್ಮದೊಂದು ಎಳೆಯೂ ಇದೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಮೆಣಸಿನ ಬಳ್ಳಿ ಹೊತ್ತು ನೆಟ್ಟಗೆ ನಿಂತಿರುವ ಸಿಲ್ವರ್ ಓಕ್ ನೋಡಿದ್ದೀರಲ್ಲ? ಅದು ಓಕ್ ಅಲ್ಲವೇ ಅಲ್ಲ. ಮೆಕಡೇಮಿಯದ ಕುಟುಂಬದ್ದೇ ಮರ, ಪ್ರೋಟಿಯೇಸಿ. ಊರೂ ಅದೇ, ಕ್ವೀನ್ಸ್‌ಲೆಂಡ್ ಮತ್ತು ಅದರ ದಕ್ಷಿಣದ ಕರಾವಳಿ ಕಾಡು. ಬ್ರಿಟಿಷರ ಕಾಲದಲ್ಲಿ ನೆರಳಿಗೆಂದು ಬಂದು ನಮ್ಮಲ್ಲೇ ನೆಲೆಸಿತು. ನಮ್ಮ ಕಾಳುಮೆಣಸು ಅಪ್ಪಿಕೊಂಡು ಹತ್ತುತ್ತಿರುವುದು ಮೆಕಡೇಮಿಯದ ದಾಯಾದಿಯನ್ನು!

ಇತ್ತ ತವರಿನ ಕಾಡು ಬಹುಪಾಲು ಹೋಗಿದೆ. ಮರ ಕಡಿದರು, ದನಗಳಿಗೆ ಹುಲ್ಲುಗಾವಲು ಮಾಡಿದರು, ಪೇಟೆ ಬೆಳೆಸಿದರು. ಉಳಿದ ಕಾಡುಮರಗಳಲ್ಲಿ ಎಷ್ಟೋ ಈಗ ಖಾಸಗಿ ಜಮೀನಿನಲ್ಲಿವೆ. ಹಳ್ಳದ ದಂಡೆಯಲ್ಲಿ, ರಸ್ತೆಯಂಚಿನಲ್ಲಿ, ಯಾರದೋ ಹಿತ್ತಿಲಲ್ಲಿ. ತೋಟದಲ್ಲಿರುವುದು ಒಂದು ಕಣಿವೆಯ ಪಾಲಿನಷ್ಟು ವೈವಿಧ್ಯ, ಹೊಸ ರೋಗಕ್ಕೋ ಬಿಸಿಲಿಗೋ ಬೇಕಾದ ಗುಣ ಇದ್ದರೆ ಅದು ಬೇರೆ ಕಣಿವೆಗಳ ಈ ಅನಾಮಧೇಯ ಮರಗಳಲ್ಲಿ. ಅದಕ್ಕೇ ನಾಕ್ ಮತ್ತು ಸಂಗಡಿಗರು ಮೂಲೂವನ್ನು ಗುರುತಿಸಿ ಸುಮ್ಮನಾಗದೆ ಕ್ವೀನ್ಸ್‌ಲೆಂಡಿನ ಜನರಿಗೆ ಒಂದು ಕೋರಿಕೆ ಇಟ್ಟರು: ನಿಮ್ಮ ಹಿತ್ತಿಲಲ್ಲಿ ಯಾರೂ ನೆಡದೆ ತಾನಾಗಿ ಬಂದ ಹಳೆಯ ಮೆಕಡೇಮಿಯ ಮರವಿದ್ದರೆ ಕಡಿಯಬೇಡಿ, ನಮಗೆ ತಿಳಿಸಿ, ಅದರ ಎಲೆಯನ್ನು ನಾವು ಓದುತ್ತೇವೆ.